ದಂಡದ ದುಡ್ಡು ಕೆಟ್ಟ ಹೊಳೆಗೇ ಮರಳಲಿ

ಮಾನ್ಯ ಸಂಪಾದಕರೇ,

ಹೊಳೆಗೆ ಕೊಳಚೆ ಬಿಟ್ಟವರಿಗೆ ಇಷ್ಟು ಲಕ್ಷ ದಂಡ ಬಿತ್ತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಸುದ್ದಿ ಅಲ್ಲಿಗೇ ಮುಗಿಯುತ್ತದೆ. ಆ ದುಡ್ಡನ್ನು ಕಟ್ಟಿಸಿಕೊಂಡರೋ ಇಲ್ಲವೋ, ಕಟ್ಟಿಸಿಕೊಂಡಿದ್ದರೆ ಯಾವ ಖಾತೆಯಲ್ಲಿ ಕೂತಿದೆ, ಅದರಲ್ಲಿ ಒಂದು ರೂಪಾಯಿಯಾದರೂ ಕೆಟ್ಟುಹೋದ ಹೊಳೆಯ ಕಡೆ ಬಂತೇ ಎಂದು ಆಮೇಲೆ ಯಾರೂ ವಿಚಾರಿಸುವುದಿಲ್ಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನಾಲ್ಕೂ ಕಡಲು ಸೇರುವ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಈ ಪ್ರಶ್ನೆ ಬೇರೆಲ್ಲಕ್ಕಿಂತ ಮೊದಲು ಏಳಬೇಕಿತ್ತು. ನಮ್ಮ ಕೇಳಿಕೆ ಇಷ್ಟೇ: ದಂಡದ ದುಡ್ಡು ಹಾಳಾದ ಜಾಗಕ್ಕೇ ಬರಲಿ, ಬಂದಾಗ ಎಷ್ಟು ಸಸಿ ನೆಟ್ಟಿರಿ ಎಂದು ಕೇಳುವ ಮೊದಲು ನೀರು ಎಲ್ಲಿಯವರೆಗೆ ಆಡುತ್ತಿದೆ ಎಂದು ಕೇಳುವಂತಾಗಲಿ.

ದಂಡದ ಲೆಕ್ಕ ಹೇಗೆ ಆಗುತ್ತದೆ ಎನ್ನುವುದರಿಂದಲೇ ಶುರು ಮಾಡಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸೂತ್ರದಲ್ಲಿ ಐದು ಅಂಕಿಗಳಿವೆ. ಐದನ್ನೂ ಒಂದಕ್ಕೊಂದು ಗುಣಿಸಿದರೆ ‘ಪರಿಸರ ಪರಿಹಾರ’ದ ಮೊತ್ತ ಸಿಗುತ್ತದೆ. ಮೊದಲನೆಯದು ಎಷ್ಟು ಮಾಲಿನ್ಯ ಮಾಡಬಲ್ಲದು ಎಂಬುದರ ಮೇಲೆ ಘಟಕಕ್ಕೆ ಕೊಟ್ಟ ವರ್ಗ: ಕೆಂಪಾದರೆ 80, ಕಿತ್ತಳೆಯಾದರೆ 50, ಹಸಿರಾದರೆ 30. ಎರಡನೆಯದು ತಪ್ಪು ನಡೆದ ದಿನಗಳು. ಮೂರನೆಯದು ರೂಪಾಯಿ ದರ. 100ರಿಂದ 500ರ ತನಕ ಇರಬಹುದು, 250 ಹಿಡಿಯಿರಿ ಎಂಬುದು ಸಲಹೆ. ನಾಲ್ಕನೆಯದು ಗಾತ್ರ: ಸಣ್ಣ ಘಟಕಕ್ಕೆ 0.5, ಮಧ್ಯಮಕ್ಕೆ 1, ದೊಡ್ಡದಕ್ಕೆ 1.5. ಕೊನೆಯದು ಊರಿನ ಜನಸಂಖ್ಯೆಯ ಗುಣಕ: 10 ಲಕ್ಷದೊಳಗಿನ ಊರಿಗೆ 1, ಕೋಟಿ ದಾಟಿದ ನಗರಕ್ಕೆ 2. ಕೆಂಪು ವರ್ಗದ ಮಧ್ಯಮ ಘಟಕವೊಂದು ನಮ್ಮ ಕರಾವಳಿಯಲ್ಲಿ 60 ದಿನ ತಪ್ಪು ಮಾಡಿತು ಅಂದುಕೊಳ್ಳಿ. 80×60×250×1×1, ಅಂದರೆ 12 ಲಕ್ಷ; ದಿನಕ್ಕೆ 20,000 ರೂಪಾಯಿ. ಹಸಿರು ವರ್ಗದ ಸಣ್ಣ ಘಟಕದ್ದು ದಿನಕ್ಕೆ 3,750 ಬರುತ್ತದೆ. ಆದರೆ ದಿನಕ್ಕೆ 5,000ಕ್ಕಿಂತ ಕಡಿಮೆ ಹಾಕುವಂತಿಲ್ಲ ಎಂಬ ನಿಯಮ ಇರುವುದರಿಂದ 5,000 ಆಗುತ್ತದೆ.

ಈ ಲೆಕ್ಕದಲ್ಲಿ ಎಲ್ಲವೂ ಇದೆ, ಹಾಳಾದದ್ದು ಏನು ಎಂಬುದೊಂದು ಇಲ್ಲ. ಕೊಳಚೆ ಬಂಜರು ಹಳ್ಳಕ್ಕೆ ಹೋದರೂ ಒಂದೇ, ಬೆಳಚು ಎಂಬ ಚಿಪ್ಪು ಮೀನನ್ನು ಹೆಕ್ಕಿ ಸಂಸಾರ ನಡೆಸುವ ಮನೆಗಳ ಎದುರಿನ ಕೆಸರು ಬಯಲಿಗೆ ಹೋದರೂ ಒಂದೇ. ಜನ ಕಡಿಮೆ ಇರುವ ಊರು ಎಂಬ ಕಾರಣಕ್ಕೆ ಕೋಟಿ ಜನರ ನಗರದಲ್ಲಿ ದಿನಕ್ಕೆ 40,000 ತೆರಬೇಕಾದ ತಪ್ಪಿಗೆ ಕುಮಟೆಯಲ್ಲಿ 20,000 ಸಾಕು. ಇದಕ್ಕೆ ಅದೇ ಮಾರ್ಗಸೂಚಿಯೊಳಗೇ ಒಂದು ದಾರಿ ಇದೆ, ಅದನ್ನು ಹೇಳುವವರು ಕಡಿಮೆ: ಅಧಿಸೂಚಿತ ಪರಿಸರ ಸೂಕ್ಷ್ಮ ಪ್ರದೇಶದಲ್ಲಿ ಕೊನೆಯ ಗುಣಕವನ್ನು 2 ಎಂದು ಹಿಡಿಯಬಹುದು. 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯೇ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಜೀವಂತ ಕೆಸರು ಬಯಲು, ಮರಳು ದಿಬ್ಬ, ಕಡಲಾಮೆ ಮೊಟ್ಟೆಯಿಡುವ ದಂಡೆಗಳನ್ನು ಪರಿಸರ ಸೂಕ್ಷ್ಮವೆಂದು ಒಂದನೇ ‘ಎ’ ವರ್ಗದಲ್ಲಿ ಇಟ್ಟಿದೆ. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ 2024ರಲ್ಲಿ ಜಗತ್ತಿನ ಮುಖ್ಯ ಜೌಗು ನೆಲಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಳಿವೆಗೆ ಕೊಳಚೆ ಬಿಟ್ಟ ಪ್ರಕರಣಗಳಲ್ಲಿ ಗುಣಕ 2 ಯಾಕೆ ಹಾಕಿಲ್ಲ ಎಂದು ಲೆಕ್ಕದ ಹಾಳೆ ಹಿಡಿದು ಕೇಳಬೇಕು. ಮೇಲಿನ 12 ಲಕ್ಷ ಆಗ 24 ಲಕ್ಷವಾಗುತ್ತದೆ.

ಕಾರ್ಖಾನೆಗಳ ಮಾತು ಒಂದಾದರೆ ಪಟ್ಟಣಗಳ ಮಾತು ಇನ್ನೊಂದು. ಕಸ ವಿಲೇವಾರಿ ಸರಿಯಿಲ್ಲದ ಸ್ಥಳೀಯ ಸಂಸ್ಥೆಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಏಪ್ರಿಲ್‌ನಿಂದ ತಿಂಗಳ ಲೆಕ್ಕದಲ್ಲಿ ಪರಿಹಾರ ಗೊತ್ತುಮಾಡಿತು: 10 ಲಕ್ಷಕ್ಕಿಂತ ಹೆಚ್ಚು ಜನರಿರುವ ಊರಿಗೆ 10 ಲಕ್ಷ, 5ರಿಂದ 10 ಲಕ್ಷದವರೆಗಿನ ಊರಿಗೆ 5 ಲಕ್ಷ, ಉಳಿದದ್ದಕ್ಕೆಲ್ಲ 1 ಲಕ್ಷ. ಕಾರವಾರ, ಶಿರಸಿ, ಕುಮಟಾ ಎಲ್ಲ ಬರುವುದು ಕೊನೆಯ ಸಾಲಿಗೆ. ತಪ್ಪು ವರ್ಷವಿಡೀ ನಡೆದರೆ 12 ಲಕ್ಷ. 2022ರ ಅಕ್ಟೋಬರ್‌ನಲ್ಲಿ ಇದೇ ನ್ಯಾಯಮಂಡಳಿ ಘನತ್ಯಾಜ್ಯ ಮತ್ತು ಕೊಳಚೆ ನೀರಿನ ವಿಚಾರದಲ್ಲಿ ಕರ್ನಾಟಕ ಸರ್ಕಾರಕ್ಕೆ 2,900 ಕೋಟಿ ಹಾಕಿದ್ದು ಎಲ್ಲರಿಗೂ ನೆನಪಿದೆ. ಕಾರ್ಖಾನೆ ತೆರುವ ದಂಡ ಮಾಲೀಕನ ಕಿಸೆಯದ್ದು. ನಗರಸಭೆ ತೆರುವ ದಂಡ ನಮ್ಮ ನಿಮ್ಮ ಮನೆ ತೆರಿಗೆ, ನೀರಿನ ಬಿಲ್ಲಿನದ್ದು. ಕೊಳಚೆಯ ವಾಸನೆಯೂ ನಮಗೆ, ದಂಡವೂ ನಮಗೆ. ಹೀಗಿರುವಾಗ ಆ ಹಣ ಅದೇ ಚರಂಡಿಯ ಬಾಯಿಗೆ ಮರಳದಿದ್ದರೆ ಊರಿನವರ ಮೇಲೆ ಎರಡೆರಡು ಬರೆ.

ಈಗ ಹಣ ಎಲ್ಲೆಲ್ಲಿ ಬೀಳುತ್ತದೆ ನೋಡೋಣ. ಜನ ಎಲ್ಲವನ್ನೂ ‘ದಂಡ’ ಎಂದು ಒಂದೇ ಮಾತಿನಲ್ಲಿ ಹೇಳುತ್ತಾರೆ; ಚೀಲಗಳು ಬೇರೆ ಬೇರೆ. ಮಾಲಿನ್ಯ ನಿಯಂತ್ರಣ ಮಂಡಳಿ ಮೇಲಿನ ಸೂತ್ರದಂತೆ ವಸೂಲು ಮಾಡುವ ಪರಿಹಾರ ಒಂದು. ಹಸಿರು ನ್ಯಾಯಮಂಡಳಿ 2010ರ ತನ್ನ ಕಾಯ್ದೆಯ 15ನೇ ಕಲಮಿನಡಿ ಕೊಡಿಸುವ ಪರಿಹಾರ ಇನ್ನೊಂದು. 24ನೇ ಕಲಮಿನ ಪ್ರಕಾರ ಅದು 1991ರ ಸಾರ್ವಜನಿಕ ಹೊಣೆಗಾರಿಕೆ ವಿಮೆ ಕಾಯ್ದೆಯಡಿಯ ಪರಿಸರ ಪರಿಹಾರ ನಿಧಿಗೆ ಸೇರುವಂಥದ್ದು. ಮೂರನೆಯದು ಹೊಸದು. 2023ರ ಜನವಿಶ್ವಾಸ ಕಾಯ್ದೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿದ್ದ ಜೈಲು ಶಿಕ್ಷೆಯ ಜಾಗದಲ್ಲಿ 10,000ದಿಂದ 15 ಲಕ್ಷ ರೂಪಾಯಿವರೆಗಿನ ದಂಡ ತಂದು, ಆ ಹಣಕ್ಕೆಂದೇ ಪರಿಸರ ಸಂರಕ್ಷಣಾ ನಿಧಿ ಕಟ್ಟಿತು. 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಜೈಲಿನ ಹೆದರಿಕೆ ಬಹುಮಟ್ಟಿಗೆ ಹೋಗಿ ಹಣವೇ ಮುಖ್ಯ ಶಿಕ್ಷೆಯಾಗಿ ಉಳಿದಾಗ ಆ ಹಣದ ದಾರಿ ಇನ್ನೂ ಮುಖ್ಯವಾಗುತ್ತದೆ. ಕಾಡು ಕಡಿದದ್ದಕ್ಕೆ ಕಟ್ಟುವ ಕ್ಯಾಂಪಾ ಹಣ ಇದ್ಯಾವುದೂ ಅಲ್ಲ. ಪಂಚಾಯ್ತಿ ಸಭೆಗಳಲ್ಲಿ ಎರಡನ್ನೂ ಕಲಸಿ ಮಾತಾಡಿ, ಕೊನೆಗೆ ಅರ್ಜಿ ಅರಣ್ಯ ಇಲಾಖೆಗೆ ಹೋಗಿ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ವಾಪಸ್ಸು ಬರುವುದುಂಟು.

2025ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ದೆಹಲಿ ಮಾಲಿನ್ಯ ನಿಯಂತ್ರಣ ಸಮಿತಿಯ ಪ್ರಕರಣದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿ ಸೇರಿಸಿಕೊಳ್ಳಬೇಕು. ಜಲ ಕಾಯ್ದೆಯ 33ಎ ಮತ್ತು ವಾಯು ಕಾಯ್ದೆಯ 31ಎ ಕಲಮಿನಡಿ ಹಾಳಾದ ಪರಿಸರವನ್ನು ಸರಿಪಡಿಸುವುದಕ್ಕೆ ತಗಲುವ ಹಣ ವಸೂಲು ಮಾಡುವ, ಮುಂಚಿತವಾಗಿಯೇ ಬ್ಯಾಂಕ್ ಗ್ಯಾರಂಟಿ ಕೇಳುವ ಅಧಿಕಾರ ಮಂಡಳಿಗಳಿಗೆ ಇದೆ. ಆದರೆ ಅದಕ್ಕೆ ನಿಯಮ ರೂಪಿಸಿ, ಕ್ರಮಬದ್ಧವಾಗಿ ನಡೆಸಬೇಕು ಎಂದಿತು. ಅಪರಾಧಕ್ಕೆ ಶಿಕ್ಷೆ ಬೇರೆ, ಕೆಟ್ಟದ್ದನ್ನು ಮೊದಲಿನಂತೆ ಮಾಡುವ ಖರ್ಚು ಬೇರೆ ಎಂಬ ಈ ವ್ಯತ್ಯಾಸ ನಮ್ಮ ವಾದಕ್ಕೆ ಬೇಕಾದದ್ದೇ. ಸರಿಪಡಿಸುವ ಖರ್ಚೆಂದು ತೆಗೆದುಕೊಂಡ ಹಣವನ್ನು ಬೇರೆ ಜಿಲ್ಲೆಯ ವಾಯು ಮಾಪನ ಯಂತ್ರಕ್ಕೆ ಖರ್ಚು ಮಾಡಿದರೆ ಅದನ್ನು ಸರಿಪಡಿಸುವುದು ಎಂದು ಹೇಗೆ ಕರೆಯುವುದು? ಅದಕ್ಕೇ, ವಸೂಲಾದ ಮೊತ್ತ ಅದೇ ನದಿಯ ಪಾತ್ರದೊಳಗೇ ಖರ್ಚಾಗಬೇಕು ಎಂಬ ಒಂದು ಸಾಲು ನಿಯಮಗಳಲ್ಲಿ ಇರಬೇಕು.

ಜಿಲ್ಲೆ ಎನ್ನದೆ ನದಿಯ ಪಾತ್ರ ಎಂದದ್ದು ಬೇಕೆಂದೇ. ಅಘನಾಶಿನಿಯ ಮೂಲವೆಂದು ಹೇಳುವ ಶಂಕರಹೊಂಡ ಇರುವುದು ಶಿರಸಿ ಪೇಟೆಯಲ್ಲಿ. ಅಣೆಕಟ್ಟಿಲ್ಲದ ಹೊಳೆ ಅದು. ಮೇಲೆ ಬಿಟ್ಟದ್ದನ್ನು ನಡುವೆ ತಡೆಯುವ ಗೋಡೆಯೇ ಇಲ್ಲ. ಶಿರಸಿಯ ಗಟಾರದ ಮೇಲೆ ಬಿದ್ದ ದಂಡದಲ್ಲಿ ಮಿರ್ಜಾನ, ಹೆಗಡೆ, ಮಾಸೂರು, ಐಗಳಕುರ್ವೆಯ ಪಾಲೂ ಇದೆ.

ಇಷ್ಟಾದ ಮೇಲೂ ಹಣ ತಾನಾಗಿ ನಡೆದು ಬರುವುದಿಲ್ಲ. ಇಂಥ ಹಣ ಸಾಮಾನ್ಯವಾಗಿ ಹೊರಡುವುದು ತಯಾರಾದ ಕ್ರಿಯಾಯೋಜನೆಯ ಕಡೆಗೆ. ಪ್ರತಿ ಜಿಲ್ಲೆಗೂ ಜಿಲ್ಲಾ ಪರಿಸರ ಯೋಜನೆ ಇರಬೇಕೆಂದು ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು, ಅದರ ಹೊಣೆ ಜಿಲ್ಲಾಧಿಕಾರಿಯ ಮೇಲಿದೆ. ನಮ್ಮ ಊರಿನ ಕೆಲಸ ಆ ಯೋಜನೆಯ ಪುಟದಲ್ಲಿ ಇಲ್ಲವೆಂದರೆ ಹಣ ಬಂದ ದಿನ ಅರ್ಜಿ ಬರೆಯಲು ಕೂತರೆ ಪ್ರಯೋಜನವಿಲ್ಲ. ಬರೆಯಬೇಕಾದವರು ಗ್ರಾಮ ಪಂಚಾಯ್ತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಗ್ರಾಮ ಅರಣ್ಯ ಸಮಿತಿ, ಮೀನುಗಾರರ ಸಹಕಾರಿ ಸಂಘ. ಜೀವವೈವಿಧ್ಯ ಸಮಿತಿ 2002ರ ಕಾಯ್ದೆಯಡಿ ಪ್ರತಿ ಪಂಚಾಯ್ತಿಯಲ್ಲೂ ಇರಲೇಬೇಕು. ಎಷ್ಟೋ ಕಡೆ ಅದು ಫಲಕದಲ್ಲಿ ಮಾತ್ರ ಇದೆ ಎನ್ನುವುದು ಬೇರೆ ಸಂಗತಿ.

ಪ್ರಸ್ತಾವನೆ ಬೀಳುವ ಮೊದಲ ಹಳ್ಳ, ಮೊದಲಿನ ಸ್ಥಿತಿಯ ದಾಖಲೆ ಇಲ್ಲದಿರುವುದು. ನೀರು ಕೆಟ್ಟಿದೆ ಎಂದು ಬರೆದರೆ ಸಾಲದು, ಎಷ್ಟು ಕೆಟ್ಟಿದೆ ಎಂಬ ಅಂಕಿ ಬೇಕು. ಚಿಪ್ಪು ಮೀನು ಹಿಡಿಯುವ, ಪರಿಸರ ಸೂಕ್ಷ್ಮವಾದ ಉಪ್ಪುನೀರನ್ನು ಕಾನೂನು ಎಸ್‌ಡಬ್ಲ್ಯು–1 ಎಂಬ ಮೊದಲ ದರ್ಜೆಯಲ್ಲಿ ಇಡುತ್ತದೆ. ಅಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂ ಇರಬೇಕು. ಸ್ನಾನಕ್ಕೂ ಸಾಮಾನ್ಯ ಮೀನುಗಾರಿಕೆಗೂ ಇರುವ ಎರಡನೇ ದರ್ಜೆಗೆ 4 ಸಾಕು, ಬಿಓಡಿ (ನೀರಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕರಗಿಸಲು ಬೇಕಾಗುವ ಆಮ್ಲಜನಕ) 3 ಮಿಲಿಗ್ರಾಂ ದಾಟಬಾರದು. ಬೆಳಚಿನ ಬಯಲಿನ ನೀರನ್ನು ಎರಡನೇ ದರ್ಜೆಯ ಅಳತೆಗೋಲಿನಿಂದ ಅಳೆದು ಪರವಾಗಿಲ್ಲ ಎಂದು ಬರೆದ ವರದಿ ಕಂಡರೆ ಅಲ್ಲಿಯೇ ಆಕ್ಷೇಪ ಎತ್ತಬೇಕು.

ಮಾದರಿ ತೆಗೆಯುವುದರಲ್ಲೇ ಅರ್ಧ ತಪ್ಪು ನಡೆಯುತ್ತದೆ. ಆಮ್ಲಜನಕ ಅಳೆಯುವುದಕ್ಕೆ 300 ಮಿಲಿಲೀಟರಿನ ಬಿಓಡಿ ಬಾಟಲಿಯೇ ಬೇಕು. ಬಾಟಲಿಯನ್ನು ನೀರೊಳಗೇ ಮುಳುಗಿಸಿ, ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ನೀರೊಳಗೇ ಬಿರಡೆ ಹಾಕಬೇಕು. ಮೇಲೆತ್ತಿದ ಕೂಡಲೇ, ಅಲ್ಲೇ ದೋಣಿಯಲ್ಲೇ, ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರ ಅಯೋಡೈಡ್ ದ್ರಾವಣ ಬೆರೆಸಬೇಕು. ಆಮ್ಲಜನಕ ಇದ್ದರೆ ಕಂದು ಗಷ್ಟು ಕೂರುತ್ತದೆ, ಬೆಳ್ಳಗೆ ಉಳಿದರೆ ಆ ನೀರಿನಲ್ಲಿ ಆಮ್ಲಜನಕ ಇಲ್ಲವೆಂದೇ ಅರ್ಥ. ಮಿನರಲ್ ವಾಟರ್ ಬಾಟಲಿಯಲ್ಲಿ ಅರ್ಧ ತುಂಬಿ, ಸ್ಕೂಟರ್ ಡಿಕ್ಕಿಯಲ್ಲಿ ಕುಲುಕಿಸುತ್ತ ಕುಮಟೆಯಿಂದ ಕಾರವಾರಕ್ಕೆ ತಂದ ಮಾದರಿಯಲ್ಲಿ ಸಿಗುವುದು ಹೊಳೆಯ ಆಮ್ಲಜನಕ ಅಲ್ಲ, ದಾರಿಯ ಗಾಳಿಯದ್ದು. ಬಿಓಡಿ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ಪ್ರಯೋಗಾಲಯ ಮುಟ್ಟಿಸಬೇಕು. ಸಮಯವೂ ಮುಖ್ಯ: ಬೆಳಗಿನ ಜಾವ, ಪೂರ್ತಿ ಇಳಿತದ ಹೊತ್ತಿಗೆ ತೆಗೆದರೆ ಕೊಳಚೆ ಇದ್ದಂತೆ ಕಾಣುತ್ತದೆ, ಮಧ್ಯಾಹ್ನ ಭರತದ ಹೊತ್ತಿಗೆ ತೆಗೆದರೆ ಕಡಲಿನ ನೀರು ಬಂದು ಎಲ್ಲವನ್ನೂ ಚೆಂದ ತೋರಿಸುತ್ತದೆ. ಚರಂಡಿ ಬಾಯಿಯ ಮೇಲೊಂದು, ಬಾಯಿಯಲ್ಲೊಂದು, ಕೆಳಗೆ ಬಯಲಲ್ಲೊಂದು, ಹೀಗೆ ಮೂರು ಜಾಗ, ತಿಂಗಳಿಗೊಮ್ಮೆ, ಒಂದು ವರ್ಷ. ಕೋಡಿಬಾಗದಲ್ಲಿ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವೂ ಕಾರವಾರದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವೂ ಇರುವಾಗ ಈ ಕೆಲಸಕ್ಕೆ ಬೆಂಗಳೂರಿನ ಕನ್ಸಲ್ಟೆಂಟ್ ಹುಡುಕಬೇಕಿಲ್ಲ. ನೆನಪಿರಲಿ, ಇದು ಪ್ರಸ್ತಾವನೆಗೆ ಸಾಕು, ಮೊಕದ್ದಮೆಗೆ ಸಾಲದು. ಕಾನೂನಿನ ಮಾದರಿ ಎಂದರೆ ಜಲ ಕಾಯ್ದೆಯ 21ನೇ ಕಲಮಿನಂತೆ ಅಧಿಕಾರಿ ಘಟಕದವರಿಗೆ ನೋಟಿಸು ಕೊಟ್ಟು, ಎರಡು ಪಾಲು ಮಾಡಿ, ಸೀಲು ಹಾಕಿ, ಸಹಿ ಮಾಡಿಸಿದ್ದು.

ಇನ್ನು ಕಾಂಡ್ಲಾ. ಅಳಿವೆ ಸರಿಮಾಡುವುದು ಅಂದರೆ ಕಾಂಡ್ಲಾ ನೆಡುವುದು ಎಂದೇ ಎಲ್ಲರ ತಲೆಯಲ್ಲಿದೆ. ಹಣ ಹೆಚ್ಚು ಪೋಲಾಗುವುದೂ ಇಲ್ಲೇ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳಬೇಕು. ಎಸ್ಟಿಮೇಟಿನಲ್ಲಿ ಹೆಕ್ಟೇರಿಗೆ ಇಷ್ಟು ಸಸಿ ಎಂದು ಬರೆಯುತ್ತಾರೆ. ಮೀಟರಿಗೊಂದರಂತೆ ನೆಟ್ಟರೆ 10,000, ಎರಡು ಮೀಟರಿಗೊಂದರಂತೆ ನೆಟ್ಟರೆ 2,500. ಬಿಲ್ಲು ಆಗುವುದು ನೆಟ್ಟ ಲೆಕ್ಕಕ್ಕೆ. ಹೀಗಾಗಿ ನೆಡಲು ಸುಲಭವಾದ ಜಾಗ ಹುಡುಕುತ್ತಾರೆ, ಅಂದರೆ ತೆರೆದ ಕೆಸರು ಬಯಲು. ಅಲ್ಲಿ ಕಾಂಡ್ಲಾ ಯಾವತ್ತೂ ಇರಲಿಲ್ಲ, ಇದ್ದದ್ದು ಬೆಳಚು. ಗಿಡವೂ ಬದುಕುವುದಿಲ್ಲ, ಬೆಳಚು ಹೆಕ್ಕುವ ಹೆಂಗಸರ ಜಾಗವೂ ಹೋಗುತ್ತದೆ. ಮಾಲಿನ್ಯದಿಂದ ಆದ ನಷ್ಟಕ್ಕೆ ಬಂದ ಹಣ ಆ ನಷ್ಟ ಅನುಭವಿಸಿದವರ ಮೇಲೇ ಎರಡನೇ ಪೆಟ್ಟು ಹಾಕಿದಂತೆ.

ಜಾಗ ಸರಿಯೋ ತಪ್ಪೋ ಎಂದು ನೋಡಲು ದೊಡ್ಡ ಯಂತ್ರ ಬೇಡ. ಗಾರೆ ಕೆಲಸದವರ ಬಳಿ ಇರುವ ನೀರು ತುಂಬಿದ ಮಟ್ಟದ ಪೈಪು ಸಾಕು. ಹತ್ತಿರದಲ್ಲಿ ತಾನಾಗಿ ಬೆಳೆದ ಕಾಂಡ್ಲಾ ಕಾಡಿನ ಹೊಳೆಯ ಕಡೆಯ ಕೊನೆಯ ಗಿಡದ ಬುಡದಿಂದ ಹೊಸ ಜಾಗಕ್ಕೆ ಮಟ್ಟ ಹಿಡಿಯಿರಿ. ಹೊಸ ಜಾಗ ಆ ಬುಡಕ್ಕಿಂತ ಒಂದು ಗೇಣು ತಗ್ಗಿದ್ದರೆ ಸಸಿ ದಿನದ ಹೆಚ್ಚು ಹೊತ್ತು ಮುಳುಗಿರುತ್ತದೆ. ದೋಣಿಯ ತಳಕ್ಕೆ ಹತ್ತುವ ಬಾರ್ನಕಲ್ ಚಿಪ್ಪು ಕಾಂಡಕ್ಕೆ ಸುತ್ತಿಕೊಂಡು, ಅದರ ಭಾರಕ್ಕೆ ಸಸಿ ವಾಲಿ ಬೀಳುತ್ತದೆ. ಕಾಡಿನ ಒಳಬದಿಯ ಕೊನೆಯ ಗಿಡಕ್ಕಿಂತ ಎತ್ತರವಿದ್ದರೆ ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತ ಬಿಟ್ಟರೆ ನೀರು ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಉಪ್ಪು ಮೇಲೆ ಬಂದು ನೆಲ ಬೆಳ್ಳಗಾಗುತ್ತದೆ, ಗಿಡ ಸುಟ್ಟಂತೆ ಒಣಗುತ್ತದೆ. ಕಾರವಾರದ ಕಡೆ ದೊಡ್ಡ ಭರತಕ್ಕೂ ಇಳಿತಕ್ಕೂ ಇರುವ ಅಂತರ ಸುಮಾರು ಒಂದೂವರೆ ಮೀಟರ್; ಕಾಂಡ್ಲಾ ಬದುಕುವುದು ಅದರ ಮೇಲಿನ ಅರ್ಧದಲ್ಲಿ. ಅಲ್ಲಿ ಒಂದು ಗೇಣು ಅಂದರೆ ಸಣ್ಣ ವ್ಯತ್ಯಾಸವಲ್ಲ.

ನೀರಾಡದೆ ಉಪ್ಪುಗಟ್ಟಿದ ನೆಲಕ್ಕೆ ಮೊದಲು ಬೇಕಾದದ್ದು ಕಾಲುವೆ. ಮೀನಿನ ಮುಳ್ಳಿನ ಆಕಾರದಲ್ಲಿ ತೋಡುವ ಪದ್ಧತಿ ನಮ್ಮ ದೇಶದ ಪೂರ್ವ ಕರಾವಳಿಯಲ್ಲಿ ಚೆನ್ನಾಗಿ ಪರೀಕ್ಷೆಯಾಗಿದೆ: ಹೊಳೆಯಿಂದ ಓರೆಯಾಗಿ ಒಂದು ಮುಖ್ಯ ಕಾಲುವೆ, ಅದರಿಂದ ಎರಡೂ ಬದಿಗೆ ಓರೆಯಾಗಿ ಕವಲುಗಳು. ಓರೆ ಯಾಕೆಂದರೆ ನೇರಕ್ಕೆ ತೋಡಿದರೆ ಒಳಗೆ ಬಂದ ನೀರು ತಂದ ಹೂಳನ್ನು ಮೂಲೆಯಲ್ಲೇ ಬಿಟ್ಟು ಹೋಗುತ್ತದೆ. ಮುಖ್ಯ ಕಾಲುವೆ ಮೇಲೆ 3 ಮೀಟರ್, ತಳದಲ್ಲಿ 1 ಮೀಟರ್, ಆಳ ಮುಕ್ಕಾಲು ಮೀಟರ್ ಎಂದು ಹಿಡಿದರೆ ಉದ್ದದ ಪ್ರತಿ ಮೀಟರಿಗೆ ಒಂದೂವರೆ ಘನ ಮೀಟರ್, 100 ಮೀಟರಿಗೆ 150 ಘನ ಮೀಟರ್ ಕೆಸರು. ಅದನ್ನು ಜಿಲ್ಲೆಯ ದರಪಟ್ಟಿಗೆ ಗುಣಿಸಿ. ಕೆಲಸ ಕೈಯಾಳಿನದ್ದೇ ಆಗಬೇಕು. ಹಿಟಾಚಿ ಇಳಿಸಿದರೆ ಅದು ಹೂತುಕೊಳ್ಳುವುದು ಒಂದು ಕಷ್ಟ, ಅದರ ಚೈನು ನೆಲವನ್ನು ಒತ್ತಿ ಗಟ್ಟಿ ಮಾಡುವುದು ಇನ್ನೂ ದೊಡ್ಡ ಕಷ್ಟ. ತೆಗೆದ ಕೆಸರನ್ನು ಕಾಲುವೆಯ ದಂಡೆಗೇ ಸಾಲಾಗಿ ಏರಿಯಂತೆ ಪೇರಿಸಬಾರದು. ಪೇರಿಸಿದರೆ ನೀವು ನೀರಿಗೆ ದಾರಿ ಮಾಡಿ, ಅದರ ಪಕ್ಕದಲ್ಲೇ ಒಡ್ಡು ಕಟ್ಟಿದಂತಾಯ್ತು. ತೆಳ್ಳಗೆ ಹರಡಿ, ಅಲ್ಲಲ್ಲಿ ಬಾಯಿ ಬಿಡಬೇಕು. ಕಾಂಡ್ಲಾ ಕೆಸರಿನಲ್ಲಿ ಗಂಧಕದ ಅಂಶ ಇರುತ್ತದೆ. ದಪ್ಪಗೆ ರಾಶಿ ಹಾಕಿ ಬಿಸಿಲಿಗೆ ಒಣಗಿಸಿದರೆ ಆಮ್ಲವಾಗಿ, ಮೊದಲ ಮಳೆಗೆ ತೊಳೆದು ಹೋಗಿ ಮೀನಿಗೆ ಕುತ್ತಾಗುತ್ತದೆ. ಇಷ್ಟಕ್ಕೂ ಇದು ಕರಾವಳಿ ನಿಯಂತ್ರಣ ವಲಯದ ಜಾಗ. ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರದ ಒಪ್ಪಿಗೆ, ಅರಣ್ಯ ಜಾಗವಾದರೆ ಇಲಾಖೆಯ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು.

ನೀರು ಬಂತೆಂದರೆ ಎಷ್ಟೋ ಕಡೆ ಗಿಡ ತಾನೇ ಬರುತ್ತದೆ. ಭರತದ ಜೊತೆ ಅವಿಸೆನಿಯಾ ಎಂಬ ಕಾಂಡ್ಲಾ ಜಾತಿಯ ಬೀಜ ತೇಲಿ ಬಂದು ಕೂರುತ್ತದೆ. ಬಾರದ ಕಡೆ ಮಾತ್ರ ನೆಡಿ. ಊರುಗೋಲು ಬೇರಿನ ಕಾಂಡ್ಲಾದ ಕೋಡು ಮರದಲ್ಲೇ ಮೊಳೆತು ನೇತಾಡುತ್ತಿರುತ್ತದೆ. ತುದಿಯ ಕೊರಳಪಟ್ಟಿಯಂಥ ಉಂಗುರ ಹಳದಿಗೆ ತಿರುಗಿ, ಮುಟ್ಟಿದರೆ ಕಳಚಿ ಬರುವಂತಿದ್ದರೆ ಬಲಿತದ್ದು. ಎಳೆದು ಕಿತ್ತದ್ದು ಬದುಕುವುದಿಲ್ಲ. ಹುಳು ತೂತು ಇರುವ ಕೋಡನ್ನು ಅಲ್ಲೇ ಎಸೆಯಿರಿ. ಒದ್ದೆ ಗೋಣಿಯಲ್ಲಿ ನೆರಳಿನಲ್ಲಿಟ್ಟು ಕೆಲವೇ ದಿನದಲ್ಲಿ ಮೂರರಲ್ಲೊಂದು ಭಾಗ ಕೆಸರಿಗೆ ಹೋಗುವಂತೆ ಊರಿದರಾಯ್ತು. ಪಾಲಿಥಿನ್ ತೊಟ್ಟೆ, ನರ್ಸರಿ, ಸಾಗಣೆ ಎಂದು ಎಸ್ಟಿಮೇಟು ಉಬ್ಬಿಸುವುದು ಈ ಜಾತಿಗೆ ಬೇಡವೇ ಬೇಡ. ಅವಿಸೆನಿಯಾ ನೆಟ್ಟ ಕಡೆ ದನ ಬಾರದಂತೆ ಬೇಲಿ ಮಾತ್ರ ಬೇಕು, ಅದರ ಎಲೆ ದನಕ್ಕೆ ಬಲು ಇಷ್ಟ.

ಜೂನ್ 5ರಂದು ಅಳಿವೆಯಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವ ಪದ್ಧತಿ ನಿಂತರೆ ದೊಡ್ಡ ಉಪಕಾರ. ಅದಾಗಿ ಹತ್ತು ಹದಿನೈದು ದಿನಕ್ಕೆ ಘಟ್ಟದ ಮೇಲಿನ ಕೆಂಪು ನೀರು ಬಂದು, ಬೇರು ಬಿಡದ ಸಸಿಗಳನ್ನೆಲ್ಲ ಎತ್ತಿಕೊಂಡು ಹೋಗುತ್ತದೆ. ಬೋರ್ಡಿನ ಕಂಬ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ, ಅದಕ್ಕೆ ಕಾಂಕ್ರೀಟ್ ಹಾಕಿರುತ್ತಾರಲ್ಲ. ನೆಡುವುದು ಹೊಳೆಯ ಸೊಕ್ಕು ಇಳಿದ ಮೇಲೆ.

ಸರ್ಕಾರಿ ವರ್ಷಕ್ಕೂ ಹೊಳೆಯ ವರ್ಷಕ್ಕೂ ತಾಳೆಯಾಗದೇ ಇರುವುದರಿಂದ ಇಷ್ಟೆಲ್ಲ ಗೊತ್ತಿದ್ದವರೂ ಸೋಲುತ್ತಾರೆ. ಹಣ ಬಿಡುಗಡೆ ಆಗುವುದು ಜನವರಿ, ಫೆಬ್ರವರಿಗೆ. ಹಣ ಬಳಕೆ ಪ್ರಮಾಣಪತ್ರ ಕೇಳುವುದು ಮಾರ್ಚ್ 31ಕ್ಕೆ. ಕೋಡು ಬಲಿಯುವುದು ಮಳೆಗಾಲಕ್ಕೆ. ನಡುವೆ ಏನಾಗುತ್ತದೆ? ಬೇಸಿಗೆಯಲ್ಲಿ ಎಲ್ಲಿಂದಲೋ ತಂದ ಸಸಿ ಒಣ ಕೆಸರಿನಲ್ಲಿ ನೆಟ್ಟು ಬಿಲ್ಲು ಮಾಡುತ್ತಾರೆ. ಆದ್ದರಿಂದ ಪ್ರಸ್ತಾವನೆಯನ್ನೇ ಎರಡು ಕಂತಾಗಿ ಬರೆಯಬೇಕು: ಮೊದಲ ಆರ್ಥಿಕ ವರ್ಷಕ್ಕೆ ಮಟ್ಟದ ಅಳತೆ ಮತ್ತು ಕಾಲುವೆ ಕೆಲಸ, ಇವೆರಡೂ ಡಿಸೆಂಬರಿನಿಂದ ಮಾರ್ಚ್ ಒಳಗೆ ಆಗುವಂಥವು, ಮುಂದಿನ ವರ್ಷಕ್ಕೆ ನೆಡುವುದು ಮತ್ತು ಕಾಯುವುದು.

ಮೇಲೆ ಹೇಳಿದ 12 ಲಕ್ಷವನ್ನೇ ತೆಗೆದುಕೊಂಡರೆ ನಮ್ಮ ಲೆಕ್ಕ ಹೀಗೆ: ಮಟ್ಟ ಮತ್ತು ನೀರಿನ ಅಳತೆಗೆ ಒಂದೂವರೆ ಲಕ್ಷ, ಕಾಲುವೆಗೆ ನಾಲ್ಕೂವರೆ, ನೆಡುವುದಕ್ಕೆ ಒಂದೂವರೆ, ನಾಲ್ಕು ವರ್ಷ ಹೂಳು ತೆಗೆದು, ಸತ್ತ ಗಿಡ ಬದಲಿಸಿ, ಕಾಯುವುದಕ್ಕೆ ಮೂರೂವರೆ, ಹೊರಗಿನವರಿಂದ ತಪಾಸಣೆ ಮತ್ತು ಗ್ರಾಮಸಭೆಯಲ್ಲಿ ಲೆಕ್ಕ ಒಪ್ಪಿಸುವುದಕ್ಕೆ ಒಂದು. ಜಾಗ ನೋಡಿ ಹೆಚ್ಚು ಕಡಿಮೆ ಆಗಬಹುದು. ಆದರೆ ನೆಡುವ ಪಾಲು ಅರ್ಧ ದಾಟಿದ ಎಸ್ಟಿಮೇಟನ್ನು ನೋಡಿದ ಕೂಡಲೇ ಅನುಮಾನಿಸಬೇಕು. ಕಾಲುವೆ ಎರಡನೇ ವರ್ಷಕ್ಕೆ ಹೂಳು ತುಂಬುವುದು ಖಂಡಿತ. ಅದಕ್ಕೆ ಹಣ ಇಡದವರು ಮೊದಲ ವರ್ಷದ ಹಣವನ್ನೂ ಕಳೆದುಕೊಳ್ಳುತ್ತಾರೆ. ಕೊನೆಯ ಕಂತಿನ ಹಣ ಮೂರನೇ ವರ್ಷದ ಮಳೆಗಾಲ ಮುಗಿದ ಮೇಲೆ ಬದುಕಿರುವ ಗಿಡ ಎಣಿಸಿ ಕೊಡಬೇಕು, ನೀರಿನ ಅಂಕಿ ಮೊದಲಿನದಕ್ಕಿಂತ ಸುಧಾರಿಸಿದೆಯೇ ನೋಡಿ ಕೊಡಬೇಕು. ಚರಂಡಿ ಬಾಯಿ ಹಾಗೇ ತೆರೆದಿದ್ದರೆ ಗಿಡ ಎಷ್ಟು ಬದುಕಿದರೂ ಕೆಲಸ ಆಗಿಲ್ಲವೆಂದೇ ಬರೆಯಬೇಕು.

ಕಾಂಡ್ಲಾ ಒಂದೇ ಅಲ್ಲ. ಗಜನಿಯ, ಅಂದರೆ ಅಳಿವೆಯಂಚಿನ ಉಪ್ಪುನೀರಿನ ಗದ್ದೆಯ, ಒಡ್ಡು ಒಡೆದು, ತೂಬಿನ ಹಲಗೆ ಕೊಳೆತು, ಉಪ್ಪುನೀರು ತಾಳುವ ಕಗ್ಗ ಭತ್ತವೂ ಇಲ್ಲದೆ ಮೀನೂ ಇಲ್ಲದೆ ಬಿದ್ದಿರುವ ಜಾಗಗಳಿಗೆ ಹಲಗೆ ಬದಲಿಸುವಂಥ ಸಣ್ಣ ಕೆಲಸ ಸಾಕು. ಮರಿ ಬೆಳಚನ್ನು ತಂದು ಬಿತ್ತುವುದಾದರೆ ಮಳೆಗಾಲದ ಸಿಹಿನೀರು ಹೋಗಿ ಉಪ್ಪು ಮರಳಿದ ಮೇಲೆ ಬಿತ್ತಬೇಕು, ಬಿತ್ತಿದ ಜಾಗದಲ್ಲಿ ಒಂದು ಹಂಗಾಮು ಹೆಕ್ಕಬಾರದು; ಆ ಹಂಗಾಮಿನ ಕೂಲಿ ನಷ್ಟವನ್ನು ಎಸ್ಟಿಮೇಟಿನಲ್ಲೇ ತೋರಿಸಬೇಕು. ಹಸಿರು ನ್ಯಾಯಮಂಡಳಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಜಲಚರಗಳ ನಾಶಕ್ಕೂ ಉದ್ಯೋಗ ನಷ್ಟಕ್ಕೂ ಬೇರೆ ಬೇರೆ ಬಾಬು ಇವೆ, ನಷ್ಟ ಆದ ಐದು ವರ್ಷದೊಳಗೆ ಚೆನ್ನೈ ಪೀಠಕ್ಕೆ ಅರ್ಜಿ ಹಾಕಬಹುದು. ಮಳೆಗಾಲದ ಆಚೀಚೆ ದಂಡೆಗೆ ಬಂದು ಬೀಳುವ ಟಾರಿನ ಉಂಡೆಗಳದ್ದು ಮಾತ್ರ ಬೇರೆ ಕಥೆ. ಯಾವ ಹಡಗಿನದ್ದೆಂದು ಗೊತ್ತಾಗದಿದ್ದರೆ ದಂಡ ಹಾಕುವುದು ಯಾರಿಗೆ?

ಓದುಗರು ಮಾಡಬಹುದಾದ ಒಂದು ಕೆಲಸಕ್ಕೆ ಹತ್ತು ರೂಪಾಯಿ ಖರ್ಚು. ಮಾಹಿತಿ ಹಕ್ಕಿನ ಅರ್ಜಿ, ಒಂದೇ ವಿಷಯ, 150 ಶಬ್ದದೊಳಗೆ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಾರವಾರ ಪ್ರಾದೇಶಿಕ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ‘ದಂಡ ಎಷ್ಟು’ ಎಂದು ಕೇಳಬೇಡಿ, ವಿಧಿಸಿದ ಮೊತ್ತ ಮಾತ್ರ ಬರೆದು ಕೈ ತೊಳೆದುಕೊಳ್ಳುತ್ತಾರೆ. ಹೀಗೆ ಕೇಳಿ: ‘ಉತ್ತರ ಕನ್ನಡ ಜಿಲ್ಲೆಯಲ್ಲಿ 2020ರ ಏಪ್ರಿಲ್ 1ರಿಂದ ಈವರೆಗೆ ಪ್ರಕರಣವಾರು ವಿಧಿಸಿದ ಪರಿಸರ ಪರಿಹಾರ, ಅದರ ಲೆಕ್ಕದ ಹಾಳೆ, ವಸೂಲಾದ ಮೊತ್ತ ಮತ್ತು ದಿನಾಂಕ, ಮೇಲ್ಮನವಿಯಲ್ಲಿರುವ ಮೊತ್ತ, ಜಿಲ್ಲೆಯೊಳಗೆ ಖರ್ಚಾದ ಮೊತ್ತ ಮತ್ತು ಕಾಮಗಾರಿಯ ಹೆಸರು.’ ಉತ್ತರಕ್ಕೆ 30 ದಿನದ ಗಡುವು. ಬಂದ ಪಟ್ಟಿಯ ಒಂದು ಪ್ರತಿಯನ್ನು ನಿಮ್ಮ ಪಂಚಾಯ್ತಿಯ ಜೀವವೈವಿಧ್ಯ ಸಮಿತಿಗೂ ಇನ್ನೊಂದನ್ನು ಈ ಪತ್ರಿಕೆಗೂ ಕಳಿಸಿ. ಅಂಕಿಗಳನ್ನು ತಾಲ್ಲೂಕುವಾರು ಒಂದು ಕೋಷ್ಟಕದಲ್ಲಿ ಅಚ್ಚು ಮಾಡಲು ಸಂಪಾದಕರು ಜಾಗ ಕೊಡುತ್ತಾರೆಂದು ನಂಬಿದ್ದೇವೆ.

— ಕಾಳಿ ಮತ್ತು ಅಘನಾಶಿನಿ ದಂಡೆಯ ಕೆಲವು ಓದುಗರು